ಒಂದೂವರೆ ಮಿಲಿಗ್ರಾಂ

ಬೆಳಗಿನ ಎರಡನೆಯ ಪಾಳಿಯವರ ಊಟ ಮುಗಿದು, ತಟ್ಟೆಗಳನ್ನು ತೊಳೆಯುವ ಯಂತ್ರಕ್ಕೆ ಜೋಡಿಸುತ್ತಿದ್ದ ಹೊತ್ತಿನಲ್ಲಿ ಸಿಂಚನಾ ಮಗುವನ್ನು ಎದೆಗವಚಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಮದ್ದೂರಿನ ಕಡೆಯವಳು, ಸುರಂಗ ಕೊರೆಯುವ ಯಂತ್ರವನ್ನು ಒಬ್ಬಳೇ ನಡೆಸುವ ಗಟ್ಟಿ ಹೆಣ್ಣು. ಅವತ್ತು ಮಾತ್ರ ಬಾಗಿಲಿಗೆ ಒರಗಿಕೊಂಡೇ ಮಾತಾಡಿದಳು.

“ನೀಲಕ್ಕ, ಒಂದ್ಗಳಿಗೆ ಬಂದ್ ನೋಡಕ್ಕ. ಮಗ ಅಳ್ತಾವ್ಳೆ, ಸದ್ದೇ ಬತ್ತಿಲ್ಲ.”

ನೀಲಗಂಗಾ ಕೈ ಒರೆಸಿಕೊಂಡು ಹತ್ತಿರ ಹೋದಳು. ನಾಲ್ಕು ತಿಂಗಳ ಹೆಣ್ಣು ಕೂಸು. ಮುಖ ಕೆಂಪಗಾಗಿತ್ತು, ಬಾಯಿ ಪೂರ್ತಿ ತೆರೆದಿತ್ತು, ಕಣ್ಣಂಚಿನಿಂದ ನೀರಿಳಿಯುತ್ತಿತ್ತು. ಅಳುವಿಗೆ ಬೇಕಾದುದೆಲ್ಲ ಇತ್ತು, ದನಿಯೊಂದೇ ಇರಲಿಲ್ಲ. ಗಂಟಲಿನಿಂದ ಹೊರಟದ್ದು ತೂತು ಬಿದ್ದ ತಿದಿಯ ಗಾಳಿಯಂಥ ಬರೀ ಉಸಿರು.

“ಎಂದಿನಿಂದ ಹಿಂಗವ್ವಾ?”

“ವಾರದಿಂದ ಗಂಟ್ಲು ಕಟ್ಟಿದಂಗಿತ್ತು. ನೆಗಡಿ ಅನ್ಕಂಡೆ. ಇವತ್ತು ಏನೂ ಇಲ್ಲ ಕಣಕ್ಕ. ಹಾಲ್ನೂ ಎರಡು ಗುಟುಕು ಎಳ್ದು ಬಿಟ್ಬುಡ್ತಾಳೆ.”

ನೀಲಗಂಗಾ ಮಗುವಿನ ಪಾದ ಹಿಡಿದು ನೋಡಿದಳು. ಪಾದ ತಣ್ಣಗಿತ್ತು, ಸ್ವಲ್ಪ ಊದಿಕೊಂಡಿತ್ತು. ದನಿಯಿಲ್ಲದ ಅಳುವಿನ ವಿಚಾರವನ್ನು ಎಲ್ಲೋ ಓದಿದ್ದಳು. ಎಲ್ಲಿ ಎಂಬುದು ತಕ್ಷಣಕ್ಕೆ ಹೊಳೆಯಲಿಲ್ಲ. “ಡಾಕ್ಟ್ರ ಹತ್ರ ನಡಿ, ನಾನೂ ಬರ್ತೀನಿ,” ಎಂದು ಹೊರಟಳು.

ಹಿರೇಗವಿ ಇರುವುದು ಚಂದ್ರನಲ್ಲಿ. ನೂರಾರು ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಬರಿದಾದ ಒಂದು ದೊಡ್ಡ ಬಿಲದೊಳಗೆ ಇನ್ನೂರ ಹನ್ನೆರಡು ಜನ ಮನೆ ಮಾಡಿಕೊಂಡಿದ್ದರು. ಮೊದಲು ಇಳಿದವರಲ್ಲಿ ನಮ್ಮ ಕಡೆಯ ಗಣಿಯವರೇ ಹೆಚ್ಚಾಗಿದ್ದರಿಂದ ಊರಿಗೆ ಆ ಹೆಸರು ಬಂತು. ಅಲ್ಲಿ ಹೊಲವಿಲ್ಲ, ಗದ್ದೆಯಿಲ್ಲ. ಜನ ಬಿಟ್ಟ ಉಸಿರಿನಲ್ಲಿರುವ ಇಂಗಾಲವನ್ನು ಹಿಡಿದು, ನೀರಿನ ಜೊತೆ ಸೇರಿಸಿ ಪಿಷ್ಟ ಮಾಡುವ ಯಂತ್ರವೊಂದಿತ್ತು. ಅದರಿಂದ ಬರುವ ಬಿಳಿಯ ಪುಡಿಗೆ ಜನ ಗಾಳಿಹಿಟ್ಟು ಎಂದು ಹೆಸರಿಟ್ಟಿದ್ದರು. ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸಿ ಪ್ರೋಟೀನು, ಎಣ್ಣೆ ತೆಗೆಯುತ್ತಿದ್ದರು. ದೇಹಕ್ಕೆ ಚಿಟಿಕೆಗಿಂತಲೂ ಕಡಿಮೆ ಬೇಕಾಗುವ, ಆದರೆ ಇಲ್ಲದೆ ನಡೆಯದ ವಿಟಮಿನ್ನು, ಕಬ್ಬಿಣ, ಸತು, ಅಯೋಡಿನ್ನುಗಳು ಮಾತ್ರ ಭೂಮಿಯಿಂದ ಡಬ್ಬಿಗಳಲ್ಲಿ ಬರುತ್ತಿದ್ದವು. ಅದು ಬೆರಕೆಪುಡಿ.

ಇವನ್ನೆಲ್ಲ ಹದವರಿತು ಕೂಡಿಸಿ ರೊಟ್ಟಿ, ಗಂಜಿ, ಉಂಡೆ ಮಾಡಿಸುವ ಹೊಣೆ ನೀಲಗಂಗಾ ಹೂಗಾರಳದು. ಗಂಗಾವತಿಯ ಅಕ್ಕಿ ಗಿರಣಿಯ ಸದ್ದಿನಲ್ಲಿ ಬೆಳೆದು, ಆಹಾರ ವಿಜ್ಞಾನ ಓದಿ, ನಲವತ್ತನೆಯ ವಯಸ್ಸಿಗೆ ಚಂದ್ರನಿಗೆ ಬಂದವಳು. ಬಂದು ಹನ್ನೊಂದು ವರ್ಷವಾಗಿತ್ತು. ಈ ಹನ್ನೊಂದು ವರ್ಷದಲ್ಲಿ ಅಲ್ಲಿ ಒಬ್ಬರೂ ಹಸಿದು ಮಲಗಿರಲಿಲ್ಲ. ಪ್ರತಿ ತಟ್ಟೆಯ ಅಡಿಯಲ್ಲೂ ಒಂದು ಸಂವೇದಕವಿತ್ತು. ಬಡಿಸಿದ್ದರಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅದು ಓದಿ, ಎಲ್ಲ ಸರಿಯಿದ್ದರೆ ಅಂಚಿನಲ್ಲಿ ಹಸಿರು ದೀಪ ಹಚ್ಚುತ್ತಿತ್ತು. ಜನ ಅದನ್ನು ತಟ್ಟೆಗಣ್ಣು ಎನ್ನುತ್ತಿದ್ದರು. ಕೈಗೆ ಕಟ್ಟಿದ ಪಟ್ಟಿ ರಕ್ತವನ್ನೂ ಅದೇ ವಿಧಾನದಲ್ಲಿ ಓದುತ್ತಿತ್ತು. ಸಿಂಚನಾಳ ತಟ್ಟೆಯೂ ಪಟ್ಟಿಯೂ ನಾಲ್ಕು ತಿಂಗಳಿಂದ ಹಸಿರಾಗಿಯೇ ಇದ್ದವು. ಬಾಣಂತಿಗೆಂದು ನೀಲಗಂಗಾ ಅವನ್ನು ದಿನವೂ ತಾನೇ ನೋಡುತ್ತಿದ್ದಳು.

ಡಾಕ್ಟರ್ ಐವನ್ ಲೋಬೊ ಮಗುವನ್ನು ಒಂದು ತಾಸು ಪರೀಕ್ಷೆ ಮಾಡಿದರು. ಗಂಟಲಲ್ಲಿ ಊತವಿಲ್ಲ, ಸೋಂಕಿಲ್ಲ. ಎದೆಯ ಚಿತ್ರ ಪರದೆಯ ಮೇಲೆ ಮೂಡಿದಾಗ ಅವರ ಮುಖ ಸಣ್ಣದಾಯಿತು. ಹೃದಯದ ಬಲಭಾಗ ಹಿಗ್ಗಿತ್ತು, ಬಡಿತ ನಿಮಿಷಕ್ಕೆ ನೂರ ತೊಂಬತ್ತು. ಎಲ್ಲವನ್ನೂ ಅವರು ಭೂಮಿಯ ವೈದ್ಯಮಂಡಳಿಗೆ ಕಳಿಸಿದರು.

ಉತ್ತರ ಮಧ್ಯಾಹ್ನವೇ ಬಂತು. ನೆಲೆಯ ಮುಖ್ಯಸ್ಥೆ ಸುಮಿತ್ರಾ ಅರಸ್ ನಿಯಂತ್ರಣ ಕೊಠಡಿಗೆ ಲೋಬೊ ಅವರನ್ನೂ ನೀಲಗಂಗಾಳನ್ನೂ ಕರೆಸಿ ಓದಿ ಹೇಳಿದರು. ಈ ಮಗು ಚಂದ್ರನ ಮೇಲೆಯೇ ಗರ್ಭದಲ್ಲಿ ಮೂಡಿ ಹುಟ್ಟಿದ ಮೊದಲ ಮಗು. ಭೂಮಿಯ ಆರರಲ್ಲೊಂದು ಪಾಲು ತೂಕದಲ್ಲಿ ಬೆಳೆದದ್ದರಿಂದ ಅದರ ಗಂಟಲಿನ ನರವೂ ಹೃದಯವೂ ಸರಿಯಾಗಿ ಕೂಡಿಕೊಂಡಿಲ್ಲವೆಂದು ಮಂಡಳಿಯ ತೀರ್ಮಾನ. ನಾಲ್ಕು ದಿನಕ್ಕೆ ಹೊರಡುವ ಸರಕಿನ ಹಡಗಿನಲ್ಲಿ ತಾಯಿ ಮಗುವನ್ನು ಕಳಿಸಬೇಕು. ಬಸಿರಿರುವ ಇನ್ನಿಬ್ಬರನ್ನೂ ಕಳಿಸಬೇಕು. ಇನ್ನುಮುಂದೆ ಚಂದ್ರನಲ್ಲಿ ಸಂಸಾರಗಳಿಗೆ ಅವಕಾಶವಿಲ್ಲ.

“ಆ ಮಗುವಿನ ಹೃದಯ ಭೂಮಿಗೆ ಇಳಿಯುವಾಗಿನ ಒತ್ತಡ ತಡೆಯುತ್ತದಾ ಡಾಕ್ಟರ್?” ಎಂದು ಅರಸ್ ಕೇಳಿದರು.

“ಇಲ್ಲ ಮೇಡಂ. ಎಂತ ಹೇಳುವುದು... ಕಳಿಸಿದರೂ ಉಳಿಯುವುದಿಲ್ಲ, ಇಲ್ಲಿಟ್ಟರೂ ವಾರ ದಾಟುವುದು ಕಷ್ಟ ಉಂಟು.”

ದನಿಯಿಲ್ಲದ ಅಳುವಿನ ವಿಚಾರ ಎಲ್ಲಿ ಓದಿದ್ದೆನೆಂದು ನೀಲಗಂಗಾಳಿಗೆ ಆಗ ನೆನಪಾಯಿತು. ಓದುವ ಕಾಲದ ದಪ್ಪ ಪುಸ್ತಕವೊಂದರಲ್ಲಿ, ಪಾಲಿಶ್ ಅಕ್ಕಿಯ ಅನ್ನವನ್ನಷ್ಟೇ ಉಂಡು ಬದುಕಿದ ನಾಡುಗಳ ಅಧ್ಯಾಯದಲ್ಲಿ, ಎದೆಹಾಲು ಕುಡಿಯುವ ಕೂಸುಗಳ ಬಗ್ಗೆ ನಾಲ್ಕೇ ಸಾಲಿತ್ತು. ತಾಯಿಯ ಮೈಯಲ್ಲಿ ಬಿ-ಒಂದು ವಿಟಮಿನ್ ಇಲ್ಲದಿದ್ದರೆ ಹಾಲಿನಲ್ಲೂ ಇರುವುದಿಲ್ಲ. ಆಗ ಕೂಸಿನ ದನಿ ಹೋಗುತ್ತದೆ, ಆಮೇಲೆ ಹೃದಯ. ಆ ಕಾಯಿಲೆಗೆ ಬೆರಿಬೆರಿ ಎಂದು ಹೆಸರು.

ಆದರೆ ತಟ್ಟೆಗಳೆಲ್ಲ ಹಸಿರಾಗಿದ್ದವಲ್ಲ?

ಸಂಜೆ ಅವಳು ಸಿಂಚನಾಳ ಮನೆಗೆ ಹೋದಳು. ಮನೆಯೆಂದರೆ ಎರಡು ಕೋಣೆ. ಗೋಡೆಗೆ ಅಂಟಿಸಿದ ರಂಗೋಲಿ ಹಾಳೆ, ಮೂಲೆಯಲ್ಲಿ ಬಟ್ಟೆಯ ತೊಟ್ಟಿಲು. ಸಿಂಚನಾಳ ಗಂಡ ಬೋರೇಶ ಹೆಂಡತಿಯ ಕಾಲನ್ನು ಮಡಿಲಲ್ಲಿಟ್ಟುಕೊಂಡು ನೀವುತ್ತಿದ್ದ. ಅವನು ಕಲ್ಲು ಪರೀಕ್ಷೆಯ ಪ್ರಯೋಗಾಲಯದಲ್ಲಿ, ಚಂದ್ರನ ಮಣ್ಣಿನಲ್ಲಿರುವ ಲೋಹ ಅಳೆಯುವ ಕೆಲಸದಲ್ಲಿದ್ದ. ನೀಲಗಂಗಾಳನ್ನು ಕಂಡು ಎದ್ದು ನಿಂತ.

“ಕುಂದ್ರಪ್ಪ, ಕುಂದ್ರು. ಏನಾಗೈತಿ ಕಾಲಿಗೆ?”

“ಉರಿ ಅಂತಾಳಕ್ಕ. ಅಂಗಾಲಲ್ಲಿ ಮೆಣಸಿನ್ಕಾಯಿ ಅರ್ದಂಗೆ. ನಂಗೂ ಒಸಿ ಜೋಮು ಹಿಡ್ದಂಗೆ ಆಯ್ತದೆ. ಚಂದ್ರನ ನೆಲ ನೋಡಿ, ಕಾಲಿಗೆ ಕೆಲ್ಸಿಲ್ಲ, ಅದ್ಕೇ ಇರ್ಬೇಕು ಅನ್ಕಂಡಿವಿ.”

“ಊಟ ಮಾಡಾಕತ್ತಿಯೇನು ನೀ?” ಎಂದು ನೀಲಗಂಗಾ ಸಿಂಚನಾಳನ್ನು ಕೇಳಿದಳು.

“ತಟ್ಟೆ ಖಾಲಿ ಮಾಡ್ತೀನಿ ಕಣಕ್ಕ, ಮಗೀಗೋಸ್ಕರ. ಆದ್ರೆ ಬಾಯಿಗೆ ಸೇರಲ್ಲ. ಎರಡು ತಿಂಗಳಿಂದ ಹಿಂಗೇಯ.”

ನೀಲಗಂಗಾ ನೆಲದ ಮೇಲೆ ಕೂತು ಅವಳ ಮೀನಖಂಡವನ್ನು ಮೆಲ್ಲಗೆ ಅಮುಕಿದಳು. ಸಿಂಚನಾ ನೋವಿನಿಂದ ಕಾಲು ಎಳೆದುಕೊಂಡಳು. ಬೋರೇಶನ ಕಾಲನ್ನು ಅಮುಕಿದರೆ ಅವನೂ ಹಲ್ಲು ಕಚ್ಚಿದ. ಆಮೇಲೆ ನೀಲಗಂಗಾ ಯಾರಿಗೂ ಕಾಣದಂತೆ ತನ್ನ ಮೀನಖಂಡವನ್ನೇ ಒತ್ತಿ ನೋಡಿಕೊಂಡಳು. ಅಲ್ಲೂ ನೋವಿತ್ತು. ತನ್ನ ಅಂಗಾಲೂ ಉರಿಯುತ್ತಿದೆಯೆಂಬುದನ್ನು ಅವಳು ತಿಂಗಳುಗಳಿಂದ ವಯಸ್ಸಿನ ಲೆಕ್ಕಕ್ಕೆ ಹಾಕಿದ್ದಳು.

ಎರಡು ತಿಂಗಳು. ಅದಕ್ಕೂ ತುಸು ಮೊದಲು, ಸರಿಯಾಗಿ ಹೇಳಬೇಕೆಂದರೆ ಹನ್ನೊಂದು ವಾರದ ಹಿಂದೆ, ಅಡುಗೆಮನೆಯಲ್ಲಿ ಬದಲಾದದ್ದು ಒಂದೇ ಒಂದು. ಅದನ್ನು ಬದಲಿಸಿದವಳು ತಾನೇ.

ಗವಿಯ ಉಗ್ರಾಣದಲ್ಲಿ ಗಾಳಿ ತೇವ. ಗಾಳಿಹಿಟ್ಟಿಗೆ ಬೂಷ್ಟು ಬರುತ್ತಿತ್ತು, ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಐದರಲ್ಲೊಂದು ಪಾಲು ಎಸೆಯಬೇಕಾಗುತ್ತಿತ್ತು. ಒಣದ್ರಾಕ್ಷಿ ಕಪ್ಪಾಗದಂತೆ ಹಾಕುವ ಸಲ್ಫೈಟ್ ಎಂಬ ಉಪ್ಪನ್ನು ಹಿಟ್ಟಿಗೆ ಹಾಕಿದರೆ ಹೇಗೆ ಎಂದು ಅವಳೇ ಯೋಚಿಸಿದ್ದಳು. ಸಲ್ಫೈಟ್ ಬಿ-ಒಂದನ್ನು ಹಾಳುಮಾಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹಿಟ್ಟು ಒಣಗುವಾಗ ಅದು ಗಾಳಿಗೆ ಹಾರಿಹೋಗುತ್ತದೆ, ಬೆರಕೆಪುಡಿ ಸೇರಿಸುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ ಎಂದು ಲೆಕ್ಕ ಹಾಕಿದ್ದಳು. ಆಮೇಲೆ ಹಿಟ್ಟು ಕೆಡುವುದು ನಿಂತಿತು. ಎಲ್ಲರೂ ಅವಳನ್ನು ಹೊಗಳಿದ್ದರು.

ಈಗ ಅವಳಿಗೆ ಒಣಗಿಸುವ ಯಂತ್ರ ಕಣ್ಣ ಮುಂದೆ ಬಂತು. ಭೂಮಿಯಲ್ಲಾದರೆ ಗಾಳಿ ಹೊರಗೆ ಹೋಗುತ್ತದೆ. ಇಲ್ಲಿ ಹೊರಗೆ ಎಂಬುದೇ ಇಲ್ಲ. ಅದೇ ಗಾಳಿ ತಿರುತಿರುಗಿ ಅದೇ ಹಿಟ್ಟಿನ ಮೇಲೆ ಬೀಸುತ್ತದೆ. ಹಾರಿದ್ದು ಮತ್ತೆ ಅಲ್ಲೇ ಬಂದು ಕೂತಿರುತ್ತದೆ.

“ಏನಾಯ್ತಕ್ಕ?” ಎಂದು ಬೋರೇಶ ಕೇಳಿದ.

“ನಾಳೆ ಮುಂಜಾನೆ ಹತ್ತು ಮಂದಿ ಬೇಕು ನನಗ. ತೂಕದ ಗಾಲಿಗೆ ಕರ್ಕೊಂಡು ಬಾ,” ಎಂದಳು.

ತೂಕದ ಗಾಲಿಯೆಂದರೆ ಗಿರ್ರನೆ ಸುತ್ತುವ ಒಂದು ದೊಡ್ಡ ಕೊಳವೆ. ಅದರೊಳಗೆ ನಿಂತವರಿಗೆ ಭೂಮಿಯಷ್ಟೇ ತೂಕ ಬರುತ್ತದೆ. ಎಲುಬು ಸವೆಯದಿರಲೆಂದು ಎಲ್ಲರೂ ದಿನಕ್ಕೊಮ್ಮೆ ಅಲ್ಲಿ ಕೂತು ಪೆಡಲು ತುಳಿಯುತ್ತಿದ್ದರು. ಕುಕ್ಕರಗಾಲಲ್ಲಿ ಕೂತು ಏಳುವ ಪ್ರಸಂಗ ಅಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಮರುದಿನ ನೀಲಗಂಗಾ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿದಳು. ಡಾಕ್ಟರ್ ಲೋಬೊ ಕೂಡ ಬಂದಿದ್ದರು.

“ಎಲ್ಲಾರೂ ಕುಕ್ಕರಗಾಲಲ್ಲಿ ಕುಂದರ್ರಿ. ಈಗ ಕೈ ಊರಲಾರದ ಏಳ್ರಿ.”

ಮೂರು ಜನ ಎದ್ದರು. ಉಳಿದ ಏಳು ಜನ, ಕಲ್ಲುಬಂಡೆ ಎತ್ತಿಡುವ ಗಂಡಸರು, ಅರ್ಧಕ್ಕೆ ಬಂದು ತೊಡೆ ನಡುಗಿ ಹಿಂದಕ್ಕೆ ಕುಸಿದು ಕೂತರು. ಒಬ್ಬ ನಾಚಿಕೆಯಿಂದ ನಕ್ಕ. ಯಾರೂ ಜೊತೆಗೆ ನಗಲಿಲ್ಲ.

“ದೇವರೇ,” ಎಂದರು ಲೋಬೊ. “ಹೊರಗೆ ಇವರೆಲ್ಲ ಜಿಗಿದುಕೊಂಡು ಓಡಾಡುತ್ತಾರಲ್ಲ ಮಾರಾಯ್ರೆ!”

“ಹೊರಗ ಮೈ ಭಾರ ಇಲ್ಲಲ್ರಿ ಡಾಕ್ಟ್ರ. ಅದಕ್ಕ ಕಾಲಿನ ಶಕ್ತಿ ಹೋಗಿದ್ದು ಯಾರಿಗೂ ಗೊತ್ತಾಗಿಲ್ಲ. ಇದು ಬೆರಿಬೆರಿ ಐತ್ರಿ.”

“ಆದರೆ ನೀಲಕ್ಕ, ರಕ್ತದಲ್ಲಿ ಬಿ-ಒಂದು ಸರಿ ಉಂಟು. ನೂರಕ್ಕೆ ನೂರು ತೋರಿಸ್ತದೆ. ನೀವು ಹೇಳುವುದು ಸರಿಯೇ ಇರಬಹುದು. ಮಂಡಳಿಗೆ ನಾನು ಎಂತ ತೋರಿಸುವುದು?”

ತಟ್ಟೆಗಣ್ಣು ಸುಳ್ಳು ಹೇಳುವ ಯಂತ್ರವಲ್ಲ. ಹಾಗಿದ್ದರೆ ಅದು ಏನನ್ನು ನೋಡಿ ನೂರು ಎನ್ನುತ್ತಿದೆ? ನೀಲಗಂಗಾ ಅದರ ಕೈಪಿಡಿ ತೆಗೆದು, ಹತ್ತು ವರ್ಷದಲ್ಲಿ ಯಾರೂ ಓದದ ಪುಟಗಳನ್ನು ಓದುತ್ತ ಕೂತಳು. ಮಧ್ಯಾಹ್ನದ ಹೊತ್ತಿಗೆ ಉತ್ತರ ಸಿಕ್ಕಿತು. ಬಿ-ಒಂದರ ಅಣು ಎರಡು ತುಂಡುಗಳನ್ನು ಕೊಂಡಿ ಹಾಕಿ ಜೋಡಿಸಿದಂತಿರುತ್ತದೆ. ತಟ್ಟೆಗಣ್ಣು ಅದರಲ್ಲಿ ಒಂದು ತುಂಡನ್ನಷ್ಟೇ ಹಿಡಿದು ಎಣಿಸುತ್ತದೆ. ಇನ್ನೊಂದು ಜೊತೆಗಿದ್ದೇ ಇರುತ್ತದೆ ಎಂದು ನಂಬುತ್ತದೆ. ಸಲ್ಫೈಟ್ ಮಾಡುವ ಕೆಲಸವೆಂದರೆ ಸರಿಯಾಗಿ ಆ ಕೊಂಡಿಯನ್ನೇ ಕತ್ತರಿಸುವುದು. ತುಂಡಾದ ಬಿ-ಒಂದು ದೇಹಕ್ಕೆ ಕವಡೆಯ ಬೆಲೆಯದಲ್ಲ. ಆದರೆ ಅರ್ಧ ತುಂಡು ಸಿಕ್ಕರೂ ತಟ್ಟೆಗಣ್ಣಿಗೆ, ರಕ್ತ ಓದುವ ಕೈಪಟ್ಟಿಗೆ ಸಮಾಧಾನ, ಹಸಿರು ದೀಪ.

ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಹೆಚ್ಚುಕಡಿಮೆ ಒಂದೂವರೆ ಮಿಲಿಗ್ರಾಂ. ಸಾಸಿವೆ ಕಾಳಿನಷ್ಟೂ ಇಲ್ಲ. ಬಾಣಂತಿಗೆ ಇನ್ನೊಂದಿಷ್ಟು. ಆದರೆ ಹೊಟ್ಟೆ ತುಂಬ ತಿಂದ ಪಿಷ್ಟವೆಲ್ಲ ಸೌದೆಯಾದರೆ ಅದಕ್ಕೆ ಕಿಡಿ ತಾಗಿಸುವುದು ಇದೇ. ಮೈಯಲ್ಲಿ ಇದರ ದಾಸ್ತಾನು ಎರಡು ಮೂರು ವಾರಕ್ಕೆ ಮುಗಿದುಹೋಗುತ್ತದೆ. ಮುಗಿದ ಮೇಲೆ ಉಂಡಷ್ಟೂ ಜೀವಕೋಶಗಳು ಉಪವಾಸ. ಅದರಲ್ಲೂ ಒಂದು ಕ್ಷಣ ಬಿಡುವಿಲ್ಲದೆ ದುಡಿಯುವ ಹೃದಯಕ್ಕೆ, ನರಕ್ಕೆ ಮೊದಲ ಪೆಟ್ಟು.

ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಬೇಕು. ಅವಳಿಗೆ ಕಾಲೇಜಿನಲ್ಲಿ ಮಾಡಿದ್ದ ಹಳೆಯ ಪರೀಕ್ಷೆಯೊಂದು ನೆನಪಿತ್ತು. ಇಡಿಯಾಗಿರುವ ಬಿ-ಒಂದಕ್ಕೆ ಕ್ಷಾರವನ್ನೂ ಫೆರಿಸಯನೈಡ್ ಎಂಬ ಕೆಂಪು ಲವಣವನ್ನೂ ಸೇರಿಸಿ, ನೇರಳಾತೀತ ದೀಪದ ಕೆಳಗೆ ಹಿಡಿದರೆ ನೀಲಿಯಾಗಿ ಹೊಳೆಯುತ್ತದೆ. ತುಂಡಾಗಿದ್ದರೆ ಹೊಳೆಯುವುದಿಲ್ಲ.

“ಆ ಲವಣ ನಮ್ಮಲ್ಲೈತೆ ಕಣಕ್ಕ,” ಎಂದ ಬೋರೇಶ. “ಮಣ್ಣಲ್ಲಿ ಕಬ್ಬಿಣ ನೋಡಕ್ಕೆ ಬಳಸ್ತೀವಿ. ದೀಪಾನೂ ಐತೆ.”

ಕಲ್ಲು ಪರೀಕ್ಷೆಯ ಕೋಣೆಯಲ್ಲಿ ದೀಪ ಆರಿಸಿ ಮೂರು ಗಾಜಿನ ನಳಿಕೆಗಳನ್ನು ಸಾಲಾಗಿಟ್ಟರು. ಮೊದಲನೆಯದರಲ್ಲಿ ಡಬ್ಬಿಯಿಂದ ಆಗತಾನೆ ತೆಗೆದ ಬೆರಕೆಪುಡಿ, ಎರಡನೆಯದರಲ್ಲಿ ಬೆಳಗಿನ ರೊಟ್ಟಿ ನೆನೆಸಿ ಸೋಸಿದ ನೀರು, ಮೂರನೆಯದರಲ್ಲಿ ಸಿಂಚನಾಳ ಎದೆಹಾಲು. ಲೋಬೊ ಮತ್ತು ಅರಸ್ ಇಬ್ಬರೂ ಬಂದು ನಿಂತಿದ್ದರು. ಬೋರೇಶ ನೇರಳಾತೀತ ದೀಪ ಹಾಕಿದ.

ಮೊದಲ ನಳಿಕೆ ನವಿಲಿನ ಕೊರಳಿನಂತೆ ನೀಲಿಯಾಗಿ ಬೆಳಗಿತು. ಎರಡನೆಯದು ಕಪ್ಪು. ಮೂರನೆಯದೂ ಕಪ್ಪು.

ಬೋರೇಶ ಆ ಮೂರನೆಯ ನಳಿಕೆಯನ್ನೇ ನೋಡುತ್ತ ನಿಂತ. ಹೆಂಡತಿ ಜೀವ ಹಿಂಡಿ ಮಗುವಿಗೆ ಕೊಡುತ್ತಿದ್ದ ಹಾಲು ಅದು.

“ಮೇಡಂ,” ಎಂದಳು ನೀಲಗಂಗಾ. “ಹಿಟ್ಟಿಗೆ ಸಲ್ಫೈಟ್ ಹಾಕಿಸಿದಾಕಿ ನಾನ್ರಿ. ಹಾರಿ ಹೋಗ್ತೈತಿ ಅನ್ಕೊಂಡೆ, ಅಳೆದು ನೋಡಲಿಲ್ಲ. ತಪ್ಪು ನಂದೈತಿ. ಚಂದ್ರಂದಲ್ಲ.”

ಅವಳು ಬೋರೇಶನ ಕಡೆ ತಿರುಗಿದಳು. ಬೋರೇಶ ನೇರಳಾತೀತ ದೀಪ ಆರಿಸಿದ. “ಅದೆಲ್ಲ ಆಮೇಲಕ್ಕ. ಈಗ ಮಗೀಗೆ ಏನ್ ಕೊಡಬೇಕು, ಅದ್ನೇಳು,” ಎಂದ.

ಕೊಡುವುದೇ ಕಷ್ಟವಾಗಿತ್ತು. ಬಿ-ಒಂದರ ಸೂಜಿಮದ್ದು ಹಿರೇಗವಿಯಲ್ಲಿರಲಿಲ್ಲ. ಎಲ್ಲರ ತಟ್ಟೆಯೂ ಹಸಿರಾಗಿರುವಾಗ ಅದೇಕೆಂದು ಯಾರೂ ತರಿಸಿರಲಿಲ್ಲ. ಇದ್ದದ್ದು ಬೆರಕೆಪುಡಿಯೊಂದೇ. ಅದನ್ನು ಮಗುವಿಗೆ ನೇರವಾಗಿ ಕೊಟ್ಟರೆ ಅದರಲ್ಲಿರುವ ಕಬ್ಬಿಣವೇ ವಿಷವಾಗುತ್ತದೆ ಎಂದು ಲೋಬೊ ತಲೆಯಾಡಿಸಿದರು. ಬೇರ್ಪಡಿಸಲು ದಿನಗಳು ಬೇಕು, ಅಷ್ಟು ದಿನ ಮಗುವಿನ ಹತ್ತಿರ ಇರಲಿಲ್ಲ.

“ಬ್ಯಾರೆ ಮಾಡೋ ಯಂತ್ರ ಐತ್ರಿ ಡಾಕ್ಟ್ರ,” ಎಂದಳು ನೀಲಗಂಗಾ. “ಸಿಂಚನಾ. ಹತ್ತು ಮಂದಿ ಪಾಲಿನ ಪುಡಿ ಆಕಿ ನೀರಾಗ ಕುಡೀಲಿ. ಕಬ್ಬಿಣ ಆಕಿ ಮೈಯಾಗ ಉಳೀತೈತಿ, ದೊಡ್ಡಾಕಿ, ತಡಕೋತಾಳ. ಬಿ-ಒಂದು ಹಾಲಿಗೆ ಇಳೀತೈತಿ. ಎಷ್ಟು ಇಳಿಸಬೇಕು ಅನ್ನೋದು ತಾಯಿ ಮೈಗೆ ಗೊತ್ತು.”

ಲೋಬೊ ಡಬ್ಬಿಯ ಮೇಲಿನ ಪ್ರಮಾಣಗಳನ್ನು ಓದಿದರು. “ಆಗ್ತದೆ,” ಎಂದರು ನಿಧಾನಕ್ಕೆ. “ಆಗಬಹುದು. ಆದರೆ ರೊಟ್ಟಿ ಜೊತೆ ಬೇಡ, ಅದರ ಸಲ್ಫೈಟ್ ಇದನ್ನೂ ಕತ್ತರಿಸ್ತದೆ, ಖಾಲಿ ಹೊಟ್ಟೆಗೆ.”

ಅರಸ್ ಅವರಿಗೆ ಅಧಿಕಾರದ ಮಾತು ಉಳಿದಿತ್ತು. ಹಡಗು ಹೊರಡಲು ಎರಡೂವರೆ ದಿನವಿತ್ತು. ಮಂಡಳಿ ಅದಕ್ಕೆ ಸಿದ್ಧತೆಯಾಗಿ ಮಗುವಿಗೆ ನಿದ್ದೆಮದ್ದು ಶುರುಮಾಡಲು ಹೇಳಿತ್ತು. ಅವರು ಭೂಮಿಗೆ ಸಂಪರ್ಕ ಹಚ್ಚಿ, “ನಿದ್ದೆಮದ್ದು ಕೊಡುವುದಿಲ್ಲ. ಹಡಗು ಹೊರಡುವ ತನಕ ಮಗು ನಮ್ಮ ಜವಾಬ್ದಾರಿ, ಅದು ನನ್ನ ತೀರ್ಮಾನ ಅಂತ ಬರೆದುಕೊಳ್ಳಿ,” ಎಂದರು. ಆಮೇಲೆ ಅಡುಗೆಮನೆಗೆ ಬಂದು, ಊರಿಗೆಲ್ಲ ಗಾಳಿಹಿಟ್ಟು ನಿಲ್ಲಿಸಿ, ಹಳೆಯ ತುರ್ತು ದಾಸ್ತಾನಿನ ಡಬ್ಬಿಗಳನ್ನು ತಾವೇ ನಿಂತು ತೆಗೆಸಿದರು. ಪ್ರತಿಯೊಬ್ಬರಿಗೂ ಒಂದು ಲೋಟ ನೀರಿನಲ್ಲಿ ಬೆರಕೆಪುಡಿ ಕೊಡುವ ಏರ್ಪಾಡೂ ಆಯಿತು.

ಸಿಂಚನಾ ಪುಡಿಯ ನೀರನ್ನು ಒಂದೇ ಗುಟುಕಿಗೆ ಕುಡಿದಳು. “ಥೂ, ತುಕ್ಕು ಮೊಳೆ ನೆಕ್ಕಿದಂಗದೆ,” ಎಂದಳು. ಮಗು ಎಳೆದು ಕುಡಿಯುವ ಸ್ಥಿತಿಯಲ್ಲಿರಲಿಲ್ಲ. ಎರಡು ತಾಸಿಗೊಮ್ಮೆ ಹಾಲು ಹಿಂಡಿ ಚಮಚೆಯಲ್ಲಿ ತೊಟ್ಟುತೊಟ್ಟಾಗಿ ಕುಡಿಸಬೇಕಾಯಿತು. ಹಿಂಡಿದಾಗೆಲ್ಲ ನೀಲಗಂಗಾ ಒಂದು ಹನಿಯನ್ನು ನಳಿಕೆಗೆ ಹಾಕಿ ಬೋರೇಶನ ದೀಪದ ಕೆಳಗೆ ಹಿಡಿಯುತ್ತಿದ್ದಳು. ಮೊದಲ ಸಲ ಕಪ್ಪು. ಎರಡನೆಯ ಸಲವೂ ಕಪ್ಪೇ, ಆದರೆ ಅಂಚಿನಲ್ಲಿ ಏನೋ ಇದ್ದಂತೆ ಅನಿಸಿ ಇಬ್ಬರೂ ವಾದ ಮಾಡಿದರು. ಮೂರನೆಯ ಸಲ ಹಾಲು ನೀಲಿಯಾಗಿ ಹೊಳೆಯಿತು.

ನೀಲಗಂಗಾ ಮೂವತ್ತು ವರ್ಷ ಆಹಾರವನ್ನು ಅಳೆದವಳು. ಇಂಥದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಎರಡು ತಿಂಗಳು ತನಗೇ ಇಲ್ಲದೆ ಒಣಗಿದ್ದ ಒಂದು ಮೈ, ಸಿಕ್ಕ ಮೊದಲ ಹಿಡಿಯಲ್ಲಿ ಪಾಲು ತೆಗೆದು, ತನ್ನ ನರಗಳಿನ್ನೂ ಉರಿಯುತ್ತಿರುವಾಗಲೇ ಮಗುವಿಗೆ ಕಳಿಸಿತ್ತು. ಯಾವ ಸಂವೇದಕವೂ ಅದಕ್ಕೆ ಹಾಗೆ ಮಾಡೆಂದು ಹೇಳಿರಲಿಲ್ಲ. ಅವಳು ಆ ನಳಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಸಿಂಚನಾಳಿಗೆ ತೋರಿಸಿದಳು.

“ನೋಡವ್ವಾ, ನಿನ್ನ ಹಾಲು.”

ಸಿಂಚನಾ ನೋಡಿದಳು. ಮಗುವಿನ ತುಟಿಗೆ ಮುಂದಿನ ಚಮಚೆ ಇಟ್ಟಳು.

ಇಡೀ ದಿನ ಏನೂ ಆಗಲಿಲ್ಲ. ನೂರ ತೊಂಬತ್ತು, ನೂರ ಎಂಬತ್ತೆಂಟು, ಮತ್ತೆ ನೂರ ತೊಂಬತ್ತು. ಅಂಕಿ ನೋಡಬೇಡಿ ಎಂದು ಲೋಬೊ ಎಲ್ಲರಿಗೂ ಹೇಳಿ ತಾವೇ ಐದು ನಿಮಿಷಕ್ಕೊಮ್ಮೆ ನೋಡುತ್ತಿದ್ದರು. ಮರುದಿನ ಬೆಳಿಗ್ಗೆ ಬಡಿತ ನೂರ ಅರವತ್ತಕ್ಕೆ ಇಳಿಯಿತು. ಪಾದದ ಊತ ಇಳಿದು ಕಾಲಬೆರಳಿನ ಗೆರೆಗಳು ಕಾಣತೊಡಗಿದವು. ಮಧ್ಯಾಹ್ನ ಮಗು ಚಮಚೆಯನ್ನು ಒಸಡಿನಿಂದ ಕಚ್ಚಿ ಹಿಡಿದು ಬಿಡಲೊಲ್ಲೆ ಎಂದಿತು. ಸಿಂಚನಾ ಎದೆಗೆ ಹಾಕಿಕೊಂಡರೆ ಗಟಗಟನೆ ಎಳೆಯಿತು. ಹಾಲು ಸಾಲದೆ ಸಿಟ್ಟು ಬಂದು ಬಾಯಿ ತೆರೆದಾಗ ಮೊದಲು ಗೊರಗೊರ ಎಂದಿತು, ಕೊನೆಗೊಮ್ಮೆ ಕಿಟಾರನೆ ಕಿರುಚಿತು.

ಸಿಂಚನಾ ಬೆಚ್ಚಿಬಿದ್ದು ಮಗುವನ್ನು ಬಿಗಿಯಾಗಿ ಅಪ್ಪಿಕೊಂಡಳು. ಹೊರಗಿನ ಓಣಿಯಲ್ಲಿ ಹೋಗುತ್ತಿದ್ದವರು ನಿಂತರು. ಲೋಬೊ ಕನ್ನಡಕ ತೆಗೆದು ಒರೆಸತೊಡಗಿದರು, ಬಹಳ ಹೊತ್ತು ಒರೆಸಿದರು. ಬೋರೇಶ ಮಾತ್ರ ನೆಲದ ಮೇಲೆ ಕೂತು, “ಅಳು ಮಗ, ಇನ್ನೊಸಿ ಅಳು,” ಎನ್ನುತ್ತಿದ್ದ.

ಹಡಗು ಖನಿಜ ತುಂಬಿಕೊಂಡು ಹೊರಟುಹೋಯಿತು. ಅದರಲ್ಲಿ ಯಾವ ತಾಯಿಯೂ ಇರಲಿಲ್ಲ. ಮಂಡಳಿ ತನ್ನ ಆದೇಶವನ್ನು ಹಿಂತೆಗೆದುಕೊಂಡು, ವರದಿ ಕಳಿಸಿ ಎಂದಿತು.

ನೀಲಗಂಗಾ ಬರೆದ ವರದಿಯನ್ನು ಅರಸ್ ಎರಡು ಸಲ ಓದಿದರು. ಮೊದಲ ಸಾಲೇ, ‘ಈ ತಪ್ಪು ನನ್ನದು’ ಎಂದಿತ್ತು.

“ನೀಲಗಂಗಾ, ಇದನ್ನ ಹೀಗೆ ಬರೀಬೇಕಾಗಿಲ್ಲ. ಪ್ರಕ್ರಿಯೆಯಲ್ಲಿ ದೋಷ ಅಂತ ಹಾಕೋಣ. ಸತ್ಯಾನೂ ಅದೇ ತಾನೆ? ತಟ್ಟೆಗಣ್ಣು ಹಿಡೀಲಿಲ್ಲ, ಮಂಡಳಿ ಹಿಡೀಲಿಲ್ಲ. ನಿಮ್ಮೊಬ್ಬರ ಮೇಲೆ ಯಾಕೆ?”

“ಪ್ರಕ್ರಿಯೆ ತಾನ ಹೋಗಿ ಉಪ್ಪು ಹಾಕ್ಲಿಲ್ರಿ ಮೇಡಂ.”

“ಇದು ಎಲ್ಲಾ ನೆಲೆಗಳಿಗೂ ಹೋಗುತ್ತೆ. ಈ ತಟ್ಟೆ, ಈ ಹಿಟ್ಟು ಎಷ್ಟು ಕಡೆ ಇದೆ ಗೊತ್ತಲ್ಲ? ನಿಮ್ಮ ಹೆಸರು ಜಗತ್ತೆಲ್ಲ ಓದುತ್ತೆ.”

“ಅದಕ್ಕ ಹೇಳಾಕತ್ತೀನ್ರಿ. ದೋಷ ಅಂತ ಬರದ್ರ ಎಲ್ಲಾರೂ ‘ನಮ್ಮಲ್ಲಿಲ್ಲ ಬಿಡು’ ಅಂತ ತಿರುವಿ ಹಾಕ್ತಾರ. ನಾ ಏನು ಯೋಚನಿ ಮಾಡಿದೆ, ಎಲ್ಲಿ ಜಾಣತನ ಮಾಡಿದೆ, ಜನ ಹೊಗಳಿದಾಗ ಎಷ್ಟು ಖುಷಿ ಆತು, ಎಲ್ಲಾ ಇರ್ಲಿ. ಯಾರೋ ಒಬ್ಬಾಕಿ ಓದಿ ‘ಅಯ್ಯ, ನಾನೂ ಹಿಂಗ ಮಾಡಿದ್ನಲ್ಲ’ ಅಂದ್ರ ಸಾಕು.”

ಅರಸ್ ವರದಿಗೆ ಸಹಿ ಹಾಕಿದರು. ಹುದ್ದೆ ಬಿಡುತ್ತೇನೆಂದು ಅವಳು ಜೊತೆಗಿಟ್ಟಿದ್ದ ಪತ್ರಕ್ಕೆ ಮಾತ್ರ ಹಾಕಲಿಲ್ಲ. ಅದನ್ನು ಊರಿನ ಸಭೆಯ ಮುಂದಿಟ್ಟರು. ಸಭೆಯಲ್ಲಿ ಮೊದಲು ಎದ್ದವಳು ಸಿಂಚನಾ.

“ಅಕ್ಕ ತಪ್ ಮಾಡಿದ್ರು, ದಿಟ. ನಂಗೆ ಸಿಟ್ಟೂ ಬಂತು, ಸುಳ್ಳೇಳಲ್ಲ. ಆದ್ರೆ ತಪ್ಪನ್ನ ಹುಡುಕ್ಕಂಡು ಹೋದೋರು ಯಾರು? ಅವರೇಯ. ಸುಮ್ಕಿದ್ದಿದ್ರೆ ಚಂದ್ರನ ಮೇಲೆ ಹಾಕಿ ಮುಗಿಸ್ಬೋದಿತ್ತು. ಯಾರ್ಗೂ ಗೊತ್ತಾಯ್ತಿರಲಿಲ್ಲ. ನನ್ ಮಗೀಗೆ ಮುಂದಿನ ತಿಂಗಳು ಮೊದಲ ಅನ್ನ ತಿನ್ನಿಸ್ಬೇಕು. ಅದನ್ನ ಅಕ್ಕನ ಕೈಲೇ ತಿನ್ನಿಸ್ತೀನಿ.” ಅಷ್ಟು ಹೇಳಿ ಕೂತಳು. ಸಭೆ ನೀಲಗಂಗಾಳ ಪತ್ರವನ್ನು ಅವಳಿಗೇ ಹಿಂದಿರುಗಿಸಿತು.

ಅಂದಿನಿಂದ ಒಣಗಿಸುವ ಯಂತ್ರದ ಗಾಳಿ ಇದ್ದಿಲಿನ ಮೂಲಕ ಹಾದು ಬರತೊಡಗಿತು, ಸಲ್ಫೈಟ್ ಡಬ್ಬಿ ಉಗ್ರಾಣದಿಂದ ಹೋಯಿತು. ವಾರಕ್ಕೊಮ್ಮೆ ಎಲ್ಲರೂ ತೂಕದ ಗಾಲಿಯಲ್ಲಿ ಕುಕ್ಕರಗಾಲಲ್ಲಿ ಕೂತು ಎದ್ದು ತೋರಿಸುವುದು ಪದ್ಧತಿಯಾಯಿತು. ಬಸಿರಿಯರಿಬ್ಬರಿಗೂ ದಿನ ತುಂಬಿ ಹೆರಿಗೆಯಾಯಿತು. ಒಂದು ಗಂಡು, ಒಂದು ಹೆಣ್ಣು.

ವರದಿ ಹೋಗಿ ಎರಡು ತಿಂಗಳ ಮೇಲೆ, ಮಧ್ಯಾಹ್ನದ ರೊಟ್ಟಿಯ ಹಿಟ್ಟು ನಾದಿಸುತ್ತಿದ್ದಾಗ, ನೀಲಗಂಗಾಳಿಗೆ ಭೂಮಿಯಿಂದ ಒಂದು ಸಂದೇಶ ಬಂತು. ಕಳಿಸಿದವಳು ಗುರುತಿನವಳಲ್ಲ. ಕಡಲು ಏರಿ ಊರು ಕಳೆದುಕೊಂಡವರಿಗೆ ಕಟ್ಟಿದ ಶಿಬಿರವೊಂದರಲ್ಲಿ ಅಡುಗೆಯ ಉಸ್ತುವಾರಿ ನೋಡುವ ಹೆಂಗಸು, ಹೆಸರು ಅಖಿಲಾಂಡ. ಅಲ್ಲೂ ಗಾಳಿಹಿಟ್ಟು, ಅಲ್ಲೂ ಅದೇ ತಟ್ಟೆ, ಮುಚ್ಚಿದ ಗೋದಾಮು.

‘ಅಮ್ಮ, ನಿಮ್ಮ ವರದಿಯನ್ನು ನನಗೆ ಓದು ಎಂದು ಯಾರೂ ಹೇಳಲಿಲ್ಲ. ಕೈಗೆ ಬಂತು, ನೋಡಿದೆ. ಒಣದ್ರಾಕ್ಷಿಗೆ ಹಾಕುವುದು ತಾನೇ ಎಂದುಕೊಂಡೆ ಅಂತ ಒಂದು ಕಡೆ ಬರೆದಿದ್ದೀರಿ. ನಮ್ಮ ಗೋದಾಮಿನಲ್ಲಿ ಆ ಮಾತನ್ನು ನಾನೂ ಹಾಗೇ ಹೇಳಿದ್ದೆ. ಓದುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ನಮ್ಮಲ್ಲಿ ಹನ್ನೊಂದು ಕೂಸುಗಳಿಗೆ ದನಿ ಹೋಗಿತ್ತು. ಶಿಬಿರದ ಧೂಳಿನಿಂದ ಎಂದಿದ್ದರು. ಹಿಟ್ಟು ನಿಲ್ಲಿಸಿ, ನೀವು ಬರೆದ ಹಾಗೆಯೇ ತಾಯಂದಿರಿಗೆ ಕೊಟ್ಟೆ. ಹತ್ತು ಉಳಿದವು. ಇನ್ನು ಮುಂದೆ ಏನು ಮಾಡಬೇಕೆಂದು ತಿಳಿಸಿ.’

ನೀಲಗಂಗಾ ಹಿಟ್ಟಿನ ಕೈಯಲ್ಲೇ ಅದನ್ನು ಎರಡು ಸಲ ಓದಿದಳು. ಆಮೇಲೆ ಕೈ ತೊಳೆದು ಉತ್ತರ ಬರೆಯಲು ಕೂತಳು. ಉಳಿಯದ ಆ ಒಂದು ಮಗುವಿನ ಹೆಸರೇನೆಂದು ಮೊದಲು ಕೇಳಿದಳು. ಅದರ ಕೆಳಗೆ, ಉಳಿದ ಹತ್ತರ ತಾಯಂದಿರಿಗೆ ಎಷ್ಟೆಷ್ಟು ಕೊಡಬೇಕು, ಎಷ್ಟು ದಿನ ಕೊಡಬೇಕು, ಅಂಗಾಲಿನ ಉರಿ ಇಳಿಯಲು ಎಷ್ಟು ವಾರ ಕಾಯಬೇಕು ಎಂಬುದನ್ನು, ಎದುರಿಗೆ ಕೂತವಳಿಗೆ ಹೇಳುವಂತೆ, ಒಂದೊಂದಾಗಿ ಬರೆಯತೊಡಗಿದಳು.